ಮೊದಲು ಮರ, ಆಮೇಲೆ ಮನೆ

ಇಂಗ್ಲೆಂಡಿನ ಹಳೇ ಜಮೀನ್ದಾರಿ ಬಂಗಲೆಗಳನ್ನು ನೋಡಲು ಹೋದವರು ಸಾಮಾನ್ಯವಾಗಿ ಮೊದಲು ಮನೆಯೊಳಗೆ ನುಗ್ಗುತ್ತಾರೆ. ದೊಡ್ಡ ದೊಡ್ಡ ಎಣ್ಣೆಚಿತ್ರ, ಬೆಳ್ಳಿ ಪಾತ್ರೆ, ಹತ್ತಿರ ಹೋಗದ ಹಾಗೆ ಹಗ್ಗ ಕಟ್ಟಿಟ್ಟ ಮಂಚ. ಅದೆಲ್ಲ ಮುಗಿಯುವ ಹೊತ್ತಿಗೆ ಕಾಲು ಸೋತಿರುತ್ತದೆ. ತೋಟಕ್ಕೆ ಉಳಿಯುವುದು ಅರ್ಧ ಮುಕ್ಕಾಲು ಗಂಟೆ, ಅದರಲ್ಲೂ ಒಂದಷ್ಟು ಟೀ ಅಂಗಡಿಯ ಕ್ಯೂನಲ್ಲೇ ಹೋಗುತ್ತದೆ. ಬ್ರಿಸ್ಟಲ್‌ನಲ್ಲಿ ಇರುವ ನಾನು ಇದನ್ನು ಉಲ್ಟಾ ಮಾಡಿಕೊಂಡಿದ್ದೇನೆ. ಗೇಟು ತೆರೆಯುವ ಹೊತ್ತಿಗೆ ಹೋಗುವುದು, ಸೀದಾ ತೋಟಕ್ಕೆ ಇಳಿಯುವುದು. ಟೈಮ್ ಉಳಿದರೆ ಮನೆ. ಉಳಿಯದಿದ್ದರೂ ಬೇಜಾರಿಲ್ಲ.

ವಿಲ್ಟ್‌ಶೈರ್‌ನ ಸ್ಟೌರ್‌ಹೆಡ್‌ನಲ್ಲಿ ಈ ಕ್ರಮ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕಂದ್ರೆ ಅಲ್ಲಿ ತೋಟವನ್ನು ಕಟ್ಟಿರುವುದೇ ಒಂದು ದಾರಿಯಾಗಿ. ಹೆನ್ರಿ ಹೋರ್ ಅನ್ನುವ ಬ್ಯಾಂಕರ್ 1740ರ ದಶಕದಲ್ಲಿ ಶುರು ಮಾಡಿ, ಕಣಿವೆಯ ನೀರಿಗೆ ಒಡ್ಡು ಹಾಕಿಸಿ, ಕೆರೆ ಮಾಡಿಸಿ, ಅದರ ಸುತ್ತ ಗ್ರೀಕ್-ರೋಮನ್ ಶೈಲಿಯ ಗುಡಿಗಳನ್ನು ಕಟ್ಟಿಸಿದ. ಹಳ್ಳಿ ಕಡೆಯಿಂದ ಬಂದರೆ ಸೇತುವೆ, ಕೆರೆ, ಆಚೆ ದಡದ ಪ್ಯಾಂಥಿಯನ್ ಅನ್ನುವ ಗುಡಿ ಎಲ್ಲಾ ಒಂದೇ ಸಲಕ್ಕೆ ಕಂಡುಬಿಡುತ್ತವೆ. ಫೋಟೋಗೆ ಸರಿ, ಆದರೆ ಆಟ ಅಲ್ಲಿಗೇ ಮುಗಿಯಿತು. ನಾನು ಮನೆಯ ಹತ್ತಿರದ ಇಳಿಜಾರಿನಿಂದ ಇಳಿದು, ಕೆರೆಯನ್ನು ಎಡಕ್ಕೆ ಇಟ್ಟುಕೊಂಡು ನಡೆಯುತ್ತೇನೆ. ಪ್ಯಾಂಥಿಯನ್ ಮರಗಳ ಸಂದಿಯಲ್ಲಿ ಒಮ್ಮೆ ಕಾಣುತ್ತದೆ, ಮರೆಯಾಗುತ್ತದೆ, ಇನ್ನೊಂದು ತಿರುವಿನಲ್ಲಿ ಬೇರೆ ಕೋನದಿಂದ ಮತ್ತೆ ಬರುತ್ತದೆ. ನಡುವೆ ಗ್ರಾಟೋ ಅಂತ ಒಂದು ಗುಹೆ ಸಿಗುತ್ತದೆ. ಒಳಗೆ ತಣ್ಣಗೆ, ಅರೆಗತ್ತಲು. ಮಲಗಿರುವ ಅಪ್ಸರೆಯ ಬಿಳಿ ಮೂರ್ತಿಯ ಕೆಳಗೆ ನೀರು ಹರಿಯುತ್ತಿರುತ್ತದೆ. ಗೋಡೆಯಲ್ಲಿ ಒರಟು ಕಲ್ಲಿನ ಒಂದು ಕಿಂಡಿ, ಅದರಾಚೆ ಬೆಳ್ಳಗೆ ಕೆರೆ. ಅಲ್ಲಿ ಯಾರೂ ಇಲ್ಲದ ಹೊತ್ತು ಸಿಗಬೇಕಾದರೆ ಬೆಳಿಗ್ಗೆಯೇ ಹೋಗಬೇಕು.

ಸುತ್ತಿನ ಕೊನೆಯಲ್ಲಿ ಬ್ರಿಸ್ಟಲ್ ಹೈ ಕ್ರಾಸ್ ಅನ್ನುವ ಹಳೇ ಕಲ್ಲಿನ ಸ್ಮಾರಕ ಸಿಗುತ್ತದೆ. ಅದು ಒಂದು ಕಾಲದಲ್ಲಿ ನಮ್ಮ ಬ್ರಿಸ್ಟಲ್ ಪೇಟೆಯ ನಾಲ್ಕು ರಸ್ತೆ ಸೇರುವಲ್ಲಿ ಇದ್ದದ್ದು. ಓಡಾಟಕ್ಕೆ ಅಡ್ಡ ಅಂತ ಕಿತ್ತರು, ಹೆನ್ರಿ 1760ರ ದಶಕದಲ್ಲಿ ತಂದು ತನ್ನ ಕೆರೆ ಪಕ್ಕ ನಿಲ್ಲಿಸಿದ. ಊರಿಗೆ ಬೇಡವಾದದ್ದು ಅವನ ತೋಟದ ಅಲಂಕಾರವಾಯಿತು, ದುಡ್ಡಿದ್ದರೆ ಏನು ಬೇಕಾದರೂ ಆಗುತ್ತೆ ಅಲ್ವಾ. ಇನ್ನೊಂದು ವಿಷಯ: ಮೇ ಕೊನೆ, ಜೂನ್‌ನಲ್ಲಿ ಅಲ್ಲಿ ಕಣ್ಣು ಕುಕ್ಕುವ ರೋಡೋಡೆಂಡ್ರಾನ್ ಹೂಗಳು ಹೆನ್ರಿಯ ಕಾಲದವಲ್ಲ. ಅವನದು ಹೆಚ್ಚಾಗಿ ಹಸಿರು ಬಣ್ಣದ ಛಾಯೆಗಳ ತೋಟ. ಹೂ ಆಮೇಲಿನವರ ಸೇರ್ಪಡೆ. ಅದಕ್ಕೇ ನನಗೆ ಹೂವಿಲ್ಲದ ದಿನಗಳ ಸ್ಟೌರ್‌ಹೆಡ್ ಜಾಸ್ತಿ ಇಷ್ಟ.

ವೆಸ್ಟನ್‌ಬರ್ಟ್ ಬೇರೆ ಥರ, ಅದು ಆರ್ಬೊರೇಟಂ, ಅಂದ್ರೆ ಮರಗಳದ್ದೇ ತೋಟ. ಗ್ಲಾಸ್ಟರ್‌ಶೈರ್‌ನಲ್ಲಿ, ಟೆಟ್‌ಬರಿ ಹತ್ತಿರ. ಅಲ್ಲಿ ಮನೆ ರಸ್ತೆಯ ಆಚೆ ಇದೆ, ಈಗ ಶಾಲೆ, ಹಾಗಾಗಿ ಮನೆಯ ಆಕರ್ಷಣೆಯೇ ಇಲ್ಲ. ರಾಬರ್ಟ್ ಹೋಲ್‌ಫರ್ಡ್ ಇಲ್ಲಿ ಮರ ನೆಡಲು ಶುರು ಮಾಡಿದ್ದು 1829ರಲ್ಲಿ. ಅವನ ಕುಟುಂಬಕ್ಕೆ ಲಂಡನ್‌ಗೆ ನೀರು ಕೊಡುತ್ತಿದ್ದ ಕಂಪನಿಯ ಷೇರುಗಳಿಂದ ಬಂದ ದುಡ್ಡಿತ್ತು. ಬಂಗಲೆಯ ತೋಟಕ್ಕೆ ಜಾಗ ಬೇಕು ಅಂತ ಹಳ್ಳಿಯನ್ನೇ ಎತ್ತಿ ಬೇರೆ ಕಡೆ ಇಟ್ಟವನು. ಇವತ್ತು ಅಲ್ಲಿ ಸುಮಾರು 15,000 ಮರಗಳಿವೆ, 1956ರಿಂದ ಸರ್ಕಾರದ ಅರಣ್ಯ ಇಲಾಖೆಯ ಕೈಯಲ್ಲಿದೆ. ಸ್ಟೌರ್‌ಹೆಡ್ ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಸದಸ್ಯತ್ವದ ಕಾರ್ಡ್ ಇಲ್ಲಿ ನಡೆಯುವುದಿಲ್ಲ, ಟಿಕೆಟ್ ಬೇರೆ.

ಇಷ್ಟು ಮರ ನೋಡುವುದು ಹೇಗೆ? ಸುಮ್ನೆ ನಡೆದರೆ ಎಲ್ಲಾ ಮರವೂ ಒಂದೇ. ನಾನು ಕಾಂಡಕ್ಕೆ ಹೊಡೆದ ಪಟ್ಟಿ ಓದುತ್ತೇನೆ. ಹೆಸರು, ಯಾವ ದೇಶದ್ದು ಅಂತ ಇರುತ್ತದೆ. ನೀಲಿ ಪಟ್ಟಿ ಇದ್ದರೆ ಅದು ಚಾಂಪಿಯನ್, ಅಂದ್ರೆ ತನ್ನ ಜಾತಿಯಲ್ಲಿ ಬ್ರಿಟನ್‌ಗೇ ಎತ್ತರದ್ದು ಅಥವಾ ದಪ್ಪದ್ದು. ನೀಲಿ ಪಟ್ಟಿ ಹುಡುಕುವ ಕೆಲಸ ಕೊಟ್ಟರೆ ಮಕ್ಕಳೂ ಸುಮ್ಮನೆ ಜೊತೆಗೆ ನಡೆಯುತ್ತಾರೆ. ನಮ್ಮ ಹಿಮಾಲಯದ ದೇವದಾರು ಕಂಡರೆ ಹಳೇ ಪರಿಚಯದವರು ಸಿಕ್ಕಂತೆ ಖುಷಿ. ಅದು ಬ್ರಿಟನ್‌ಗೆ ಬಂದದ್ದು 1831ರಲ್ಲಿ. ಕ್ಯಾಲಿಫೋರ್ನಿಯಾದ ದೈತ್ಯ ಸಿಕೋಯಾ 1853ರಲ್ಲಿ ಬಂತು. ಅದರ ತೊಗಟೆಯನ್ನು ಮುಷ್ಟಿಯಿಂದ ಗುದ್ದಿ ನೋಡಿ, ಕೈ ನೋಯುವುದಿಲ್ಲ. ಅಷ್ಟು ಮೆತ್ತಗೆ, ನಾರು ನಾರು.

ಅಕ್ಟೋಬರ್‌ನಲ್ಲಿ ಜಪಾನಿ ಮೇಪಲ್‌ಗಳ ಕೆಂಪು ನೋಡಲು ಜನಸಾಗರ. ಶನಿವಾರ, ಭಾನುವಾರ ಬಿಟ್ಟುಬಿಡಿ. ಆ ಕಾಲದಲ್ಲಿ ನಾನು ಹುಡುಕುವುದು ಕತ್ಸುರಾ ಮರವನ್ನು. ಕಣ್ಣಿಗೆ ಬೀಳುವ ಮೊದಲೇ ವಾಸನೆ ಬರುತ್ತದೆ, ಸಕ್ಕರೆ ಪಾಕ ಸ್ವಲ್ಪ ಸೀದು ಹೋದಾಗ ಬರುತ್ತಲ್ಲ, ಅದೇ. ಹೃದಯದ ಆಕಾರದ ಹಳದಿ ಎಲೆ ಬಾಡುವಾಗ ಮಾಲ್ಟಾಲ್ ಅನ್ನುವ ವಸ್ತುವಿನಿಂದ ಬರುವ ವಾಸನೆ ಅದು. ಹಸಿರೆಲೆ ಕಿತ್ತು ಮೂಸಿದರೆ ಆ ಘಮ ಇರುವುದಿಲ್ಲ, ಬಿದ್ದ ಎಲೆಯ ಹತ್ತಿರವೇ ನಿಲ್ಲಬೇಕು.

ಎಲೆ ಉದುರಿದ ಮೇಲೆ ಜನ ಬರುವುದು ನಿಲ್ಲಿಸುತ್ತಾರೆ, ಆಗ ತೊಗಟೆ ನೋಡುವ ಕಾಲ. ಪೇಪರ್‌ಬಾರ್ಕ್ ಮೇಪಲ್‌ನ ದಾಲ್ಚಿನ್ನಿ ಬಣ್ಣದ ತೊಗಟೆ ತೆಳ್ಳಗೆ ಸುಲಿದು ಸುರುಳಿಯಾಗಿರುತ್ತದೆ, ಹಿಂದಿನಿಂದ ಬಿಸಿಲು ಬಿದ್ದರೆ ಒಳಗೆ ದೀಪ ಇಟ್ಟ ಹಾಗೆ. ಇಲ್ಲಿಯದೇ ಭಾಗವಾದ ಸಿಲ್ಕ್ ವುಡ್ ಅನ್ನುವ ಕಾಡಿನ ಕಡೆ ಹೋಗುವುದಾದರೆ ಗಮ್‌ಬೂಟ್ ಹಾಕಿಕೊಳ್ಳಿ, ಕೆಸರು ಇರುತ್ತದೆ. ಅಲ್ಲಿ ಒಂದು ಲೈಮ್ ಮರ ಇದೆ (ನಿಂಬೆ ಅಲ್ಲ, ಬೇರೆ ಜಾತಿ), ವಯಸ್ಸು ಸುಮಾರು 2,000 ವರ್ಷ ಅಂತ ಅಂದಾಜು. ಬುಡದವರೆಗೆ ಕಡಿಯುತ್ತಾ, ಮತ್ತೆ ಚಿಗುರಲು ಬಿಡುತ್ತಾ ಬಂದಿರುವುದರಿಂದ ಒಂದೇ ಮರ ಅಗಲ ಬಳೆಯ ಹಾಗೆ ಹತ್ತಾರು ಕಾಂಡಗಳಾಗಿ ನಿಂತಿದೆ. ಪೊದೆ ಅಂದುಕೊಂಡು ಜನ ಪಕ್ಕದಲ್ಲೇ ದಾಟಿ ಹೋಗುತ್ತಾರೆ, ಆದ್ದರಿಂದ ನಕ್ಷೆಯಲ್ಲಿ ಮೊದಲೇ ಗುರುತು ಹಾಕಿಕೊಂಡು ಹೋಗಿ. ನಾಯಿ ಸಾಕಿರುವವರಿಗೂ ಇದೇ ಭಾಗ ಒಳ್ಳೆಯದು, ಓಲ್ಡ್ ಆರ್ಬೊರೇಟಂ ಅನ್ನುವ ಇನ್ನೊಂದು ಭಾಗದೊಳಗೆ ನಾಯಿ ಬಿಡುವುದಿಲ್ಲ.