ಇಂಗ್ಲಿಷ್ ಬರವಣಿಗೆಗೆ ಐದು ಪಿರಿಯಡ್: ಎಂಟು, ಒಂಬತ್ತನೇ ತರಗತಿ ಶಿಕ್ಷಕರಿಗೆ ಒಂದು ಪಾಠಕ್ರಮ

ಉತ್ತರ ಕನ್ನಡದ ಕರಾವಳಿಯಲ್ಲಿ ಮಾಜಾಳಿಯಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದಲ್ಲೂ, ಕನ್ನಡ ಮಾಧ್ಯಮದ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಪ್ರಬಂಧವೆಂದರೆ ಹೆಚ್ಚಾಗಿ ಬೋರ್ಡಿನಿಂದ ನೋಟ್‌ಬುಕ್ಕಿಗೆ ಇಳಿಸಿಕೊಂಡು ಬಾಯಿಪಾಠ ಮಾಡುವ ಹದಿನೈದಿಪ್ಪತ್ತು ಸಾಲು. ಪರೀಕ್ಷೆಯಲ್ಲಿ ವಿಷಯ ಸ್ವಲ್ಪ ಬದಲಾದರೆ ಪೆನ್ನು ನಿಂತುಬಿಡುತ್ತದೆ. ಮಕ್ಕಳಿಗೆ ಪದ ಗೊತ್ತಿರುತ್ತದೆ, ವ್ಯಾಕರಣದ ನಿಯಮವೂ ಗೊತ್ತಿರುತ್ತದೆ. ಆದರೆ ವಾಕ್ಯ ಕಟ್ಟುವ ಕೆಲಸವನ್ನು ತರಗತಿಯಲ್ಲಿ ಯಾರೂ ಅವರ ಕೈಯಿಂದ ಮಾಡಿಸಿರುವುದಿಲ್ಲ.

ಈ ಪಾಠಕ್ರಮ 35 ಮಕ್ಕಳ ತರಗತಿಗೆ, 40 ನಿಮಿಷದ ಐದು ಪಿರಿಯಡ್‌ಗಳಿಗೆ ಹೊಂದಿಸಿದ್ದು. ವಾರಕ್ಕೆ ಎರಡು ಮೂರು ಪಿರಿಯಡ್ ಕೊಟ್ಟರೆ ಎರಡು ವಾರದಲ್ಲಿ ಮುಗಿಯುತ್ತದೆ. ಕೊನೆಗೆ ಪ್ರತಿ ಮಗು ತಾನು ಕಣ್ಣಾರೆ ಕಂಡ ಒಂದು ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು 60ರಿಂದ 80 ಪದಗಳಲ್ಲಿ, ಎಂಟು ಹತ್ತು ವಾಕ್ಯಗಳಲ್ಲಿ ಸ್ವಂತವಾಗಿ ಬರೆಯಬೇಕು.

ಸಮಯ ಎಲ್ಲಿಗೆ ಹೆಚ್ಚು, ಎಲ್ಲಿಗೆ ಕಡಿಮೆ ಎಂದು ನಿರ್ಧರಿಸಲು ಸಂಶೋಧನೆ ನೆರವಾಗುತ್ತದೆ. ಅಮೆರಿಕದ ಸಂಶೋಧಕರಾದ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ 2007ರಲ್ಲಿ ನಾಲ್ಕರಿಂದ ಹನ್ನೆರಡನೇ ತರಗತಿವರೆಗಿನ ಬರವಣಿಗೆ ಬೋಧನೆಯ ಪ್ರಯೋಗಗಳನ್ನು ಒಟ್ಟುಗೂಡಿಸಿ, ಒಂದೊಂದು ವಿಧಾನದ ಪರಿಣಾಮವನ್ನೂ ಅಳೆದರು. ಈ ಅಳತೆಯಲ್ಲಿ ಸೊನ್ನೆ ಎಂದರೆ ವ್ಯತ್ಯಾಸವಿಲ್ಲ, ಅಂಕಿ ಹೆಚ್ಚಿದಷ್ಟೂ ಬರವಣಿಗೆ ಹೆಚ್ಚು ಸುಧಾರಿಸಿತು ಎಂದರ್ಥ. ಯೋಜಿಸಿ, ಬರೆದು, ತಿದ್ದುವ ತಂತ್ರವನ್ನು ಹಂತಹಂತವಾಗಿ ಕಲಿಸುವುದಕ್ಕೆ 0.82 ಸಿಕ್ಕಿತು, ಮಕ್ಕಳು ಜೊತೆಗೂಡಿ ಬರೆಯುವುದಕ್ಕೆ 0.75, ಚಿಕ್ಕ ವಾಕ್ಯಗಳನ್ನು ಜೋಡಿಸುವ ಅಭ್ಯಾಸಕ್ಕೆ 0.50, ಮಾದರಿ ಓದಿಸುವುದಕ್ಕೆ 0.25. ವ್ಯಾಕರಣವನ್ನು ಬರವಣಿಗೆಯಿಂದ ಬೇರ್ಪಡಿಸಿ ಕಲಿಸಿದಾಗ ಅಂಕಿ ಸೊನ್ನೆಗಿಂತ ಕೆಳಗಿಳಿಯಿತು: ಮೈನಸ್ 0.32. ಆ ಮಕ್ಕಳಲ್ಲಿ ಬಹುಪಾಲಿನವರು ಇಂಗ್ಲಿಷ್ ವಾತಾವರಣದಲ್ಲಿ ಬೆಳೆದವರು, ಆದ್ದರಿಂದ ಅಂಕಿಗಳನ್ನು ಹಾಗೆಯೇ ಇಲ್ಲಿಗೆ ತರಲಾಗದು. ದಿಕ್ಕು ತಿಳಿಯಲು ಮಾತ್ರ ಅಷ್ಟು ಸಾಕು.

ಮೊದಲ ಪಿರಿಯಡ್: ಮಾತು, ಮಾದರಿ

ವಿಷಯ ಮಕ್ಕಳ ಮನೆಯಂಗಳದ್ದೇ ಆಗಿರಲಿ. ಕಾರವಾರ, ಅಂಕೋಲಾದಲ್ಲಿ ಮೀನು ಒಣಗಿಸುವುದು, ಗೋಕರ್ಣದ ಕಡೆಯವರಿಗೆ ಸಾಣಿಕಟ್ಟಾದ ಉಪ್ಪು, ಶಿರಸಿ ಸೀಮೆಯಲ್ಲಿ ಬೇಯಿಸಿ ಒಣಗಿಸಿದ ರಾಶಿ ಅಡಿಕೆ ಅಥವಾ ಮಾವಿನಕಾಯಿಯ ಅಪ್ಪೆಹುಳಿ. ‘ಪರಿಸರ ಮಾಲಿನ್ಯ’ದಂಥ ವಿಷಯ ಕೊಟ್ಟರೆ ಮಗು ಏನು ಹೇಳಬೇಕು ಮತ್ತು ಹೇಗೆ ಹೇಳಬೇಕು ಎಂಬ ಎರಡನ್ನೂ ಒಟ್ಟಿಗೆ ಹುಡುಕಬೇಕಾಗುತ್ತದೆ. ಎರಡೂ ಕೈಕೊಡುತ್ತವೆ.

ಹತ್ತು ನಿಮಿಷ ಮಕ್ಕಳು ಮನೆಮಾತಿನಲ್ಲೇ ಹೇಳಲಿ: ಕೊಂಕಣಿ, ಹವ್ಯಕ ಕನ್ನಡ, ಹಾಲಕ್ಕಿ ಕನ್ನಡ, ನವಾಯತಿ, ಯಾವುದಾದರೂ ಸರಿ. ಒಂದು ಭಾಷೆಯಲ್ಲಿ ಗಟ್ಟಿಯಾದ ತಿಳಿವಳಿಕೆ ಇನ್ನೊಂದಕ್ಕೆ ದಾಟುತ್ತದೆ ಎಂದು ಭಾಷಾ ಶಿಕ್ಷಣ ತಜ್ಞ ಜಿಮ್ ಕಮಿನ್ಸ್ 1979ರಲ್ಲೇ ವಾದಿಸಿದ್ದರು. ಆದರೆ ಕನ್ನಡದಲ್ಲಿ ಪೂರ್ತಿ ವಾಕ್ಯ ಬರೆಸಬೇಡಿ. ಬರೆಸಿದರೆ ಮಕ್ಕಳು ಅದನ್ನೇ ಪದಕ್ಕೆ ಪದ ಇಂಗ್ಲಿಷಿಗೆ ಇಳಿಸುತ್ತಾರೆ. ಬೋರ್ಡಿನ ಮೇಲೆ ಕ್ರಿಯೆಗಳ ಸಾಲು ಮಾತ್ರ ಬಾಣ ಹಾಕಿ ಬರೆಯಿರಿ. ಅಡಿಕೆಯಾದರೆ: ಕೊಯ್ಯುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಪಕ್ಕದಲ್ಲಿ ಇಂಗ್ಲಿಷ್ ಕ್ರಿಯಾಪದ ಎಂಟು, ನಾಮಪದ ಆರು. ಅದಕ್ಕಿಂತ ಹೆಚ್ಚಾದರೆ ನೆನಪಿನಲ್ಲಿ ನಿಲ್ಲುವುದಿಲ್ಲ. ಮೆಟ್ಟುಕತ್ತಿ (ಅಡಿಕೆ ಸುಲಿಯುವ ಕತ್ತಿ), ಚೊಗರು (ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸ) ಮುಂತಾದ ಪದಗಳಿಗೆ ಇಂಗ್ಲಿಷ್ ಹುಡುಕುತ್ತ ಕೂರಬೇಡಿ. ಅವು ಹಾಗೆಯೇ ಇರಲಿ, ಏನೆಂದು ಅರ್ಧ ಸಾಲಿನಲ್ಲಿ ವಿವರಿಸಿದರಾಯಿತು.

ಉಳಿದ ಹೊತ್ತಿನಲ್ಲಿ ನೀವೇ ಬರೆದ ಎಂಟು ವಾಕ್ಯಗಳ ಮಾದರಿಯನ್ನು ಚೀಟಿಗಳಾಗಿ ಕತ್ತರಿಸಿ, ಗುಂಪಿಗೊಂದು ಕಟ್ಟು ಕೊಟ್ಟು, ಕ್ರಮಕ್ಕೆ ಜೋಡಿಸಲು ಹೇಳಿ. ಮಾದರಿಗೆ ಅಷ್ಟು ಸಾಕು.

ಎರಡನೇ ಪಿರಿಯಡ್: ವಾಕ್ಯ ಜೋಡಣೆ

ಇಡೀ ಪಾಠದಲ್ಲಿ ಕೈಬಿಡಬಾರದ ಭಾಗ ಇದು. ‘ವಿ ಪೀಲ್ ದ ನಟ್ಸ್. ದ ನಟ್ಸ್ ಆರ್ ಗ್ರೀನ್. ವಿ ಬಾಯ್ಲ್ ದೆಮ್.’ ಎಂದು ಮೂರು ತುಂಡು ಬೋರ್ಡಿನ ಮೇಲೆ ಬರೆದು, ಒಂದೇ ವಾಕ್ಯ ಮಾಡಿ ಎನ್ನಿ. ‘ವಿ ಪೀಲ್ ದ ಗ್ರೀನ್ ನಟ್ಸ್ ಆ್ಯಂಡ್ ಬಾಯ್ಲ್ ದೆಮ್’ ಬರಬಹುದು, ‘ಆಫ್ಟರ್ ವಿ ಪೀಲ್ ದ ಗ್ರೀನ್ ನಟ್ಸ್, ವಿ ಬಾಯ್ಲ್ ದೆಮ್’ ಕೂಡ ಬರಬಹುದು. ಎರಡೂ ಸರಿ ಎಂದು ಹೇಳಿ, ಯಾವುದು ಕಿವಿಗೆ ಚೆನ್ನಾಗಿದೆ, ಏಕೆ ಎಂದು ಚರ್ಚಿಸಿ. ಒಂದೇ ಉತ್ತರ ಸರಿ ಎಂದುಬಿಟ್ಟರೆ ಇದೂ ಬಿಟ್ಟ ಸ್ಥಳ ತುಂಬುವ ಅಭ್ಯಾಸವಾಗುತ್ತದೆ. ಒಂದು ಪಿರಿಯಡ್‌ಗೆ ಇಂಥ ಎಂಟು ಗುಚ್ಛ ಸಾಕು: ನಾಲ್ಕು ಎಲ್ಲರೂ ಸೇರಿ, ನಾಲ್ಕು ಇಬ್ಬಿಬ್ಬರಾಗಿ.

ಇಲ್ಲಿ ಮಕ್ಕಳು ಎಡವುವ ಜಾಗಗಳು ಮೊದಲೇ ಗೊತ್ತಿದ್ದರೆ ಕೆಲಸ ಸಲೀಸು. ಕನ್ನಡದಲ್ಲಿ ‘ಸುಲಿದು, ಬೇಯಿಸಿ, ಒಣಗಿಸುತ್ತೇವೆ’ ಎಂದು ಕೊನೆಯ ಕ್ರಿಯಾಪದ ಮಾತ್ರ ಪೂರ್ಣವಾಗುತ್ತದೆ. ಕೊಂಕಣಿಯಲ್ಲೂ ಹಾಗೆಯೇ. ಆದ್ದರಿಂದ ‘ವಿ ಪೀಲಿಂಗ್, ಬಾಯ್ಲಿಂಗ್, ಡ್ರೈ’ ಎಂದು ಬರುತ್ತದೆ. ‘ನಾವು ಸುಲಿದ ಅಡಿಕೆ’ ಎನ್ನಲು ಹೋಗಿ ‘ವಿ ಪೀಲ್ಡ್ ನಟ್ಸ್’ ಎಂದು ಬರೆದರೆ ‘ನಾವು ಅಡಿಕೆ ಸುಲಿದೆವು’ ಎಂದಾಗಿಬಿಡುತ್ತದೆ. ‘ನಾವು ಸುಲಿದ’ ಎಂಬಂಥ ವಿವರಣೆ ನಾಮಪದಕ್ಕಿಂತ ಮೊದಲು ಬರುವ ಕನ್ನಡದ ಕ್ರಮ ಇಂಗ್ಲಿಷಿನಲ್ಲಿ ಹಿಂದುಮುಂದಾಗಿ ‘ದ ನಟ್ಸ್ ವಿ ಪೀಲ್ಡ್’ ಆಗುತ್ತದೆ. ‘ಬಿಕಾಸ್ ಇಟ್ ರೇನ್ಡ್, ಸೋ ವಿ ಡಿಡ್ ನಾಟ್ ಡ್ರೈ ದ ಫಿಶ್’ ಎಂದು ಕಾರಣಪದ ಎರಡು ಬರುವುದಂತೂ ಮಾಮೂಲು. ಒಂದು ವಾಕ್ಯಕ್ಕೆ ಒಂದೇ ಕೊಂಡಿ ಎಂಬ ನಿಯಮ ಹಾಕಿದರೆ ಇದೂ ಹೋಗುತ್ತದೆ, ಆರು ‘ಆ್ಯಂಡ್’ಗಳ ಉದ್ದನೆಯ ವಾಕ್ಯವೂ ಹೋಗುತ್ತದೆ.

ಮೊದಲ ಸುತ್ತಿನಲ್ಲಿ ವಿಶೇಷಣ ಮತ್ತು ‘ಆ್ಯಂಡ್’, ಆಮೇಲೆ ‘ಆಫ್ಟರ್, ಬಿಫೋರ್, ವೆನ್, ಬಿಕಾಸ್’. ‘ಹೂ, ವಿಚ್’ ಒಂಬತ್ತನೇ ತರಗತಿಗೆ ಇರಲಿ.

ಮೂರು, ನಾಲ್ಕನೇ ಪಿರಿಯಡ್: ಒಟ್ಟಿಗೆ, ಆಮೇಲೆ ಒಬ್ಬರೇ

ಮೂರನೆಯದರಲ್ಲಿ ಮಕ್ಕಳು ಹೇಳುತ್ತಾರೆ, ನೀವು ಬೋರ್ಡಿನ ಮೇಲೆ ಬರೆಯುತ್ತೀರಿ. ಸಿಡ್ನಿಯ ಭಾಷಾ ಶಿಕ್ಷಣ ತಜ್ಞರು 1980ರ ದಶಕದಲ್ಲಿ ರೂಪಿಸಿದ ಬೋಧನಾ ಚಕ್ರದ (ಮಾದರಿ ನೋಡುವುದು, ಒಟ್ಟಿಗೆ ಬರೆಯುವುದು, ಒಬ್ಬರೇ ಬರೆಯುವುದು) ನಡುವಿನ ಹಂತವೂ ಇದೇ. ಬರೆಯುತ್ತ ನಿಮ್ಮ ಯೋಚನೆಯನ್ನು ಗಟ್ಟಿಯಾಗಿ ಆಡಿ: ‘ಇಲ್ಲಿ ಎಷ್ಟು ದಿನ ಒಣಗಿಸಬೇಕು ಅಂತ ಹೇಳಲಿಲ್ಲವಲ್ಲ, ಸೇರಿಸೋಣ’, ‘ಈ ಪದ ಎರಡು ಸಲ ಬಂತು, ಬದಲಾಯಿಸೋಣ’. ಬರೆದದ್ದನ್ನು ಹೊಡೆದುಹಾಕುವುದನ್ನೂ ಮಕ್ಕಳು ನೋಡಬೇಕು.

ಬೋರ್ಡಿನ ಮೇಲೆ ಒಣಮೀನಿನ ಬಗ್ಗೆ ಬರೆದಿದ್ದರೆ ನಾಲ್ಕನೇ ಪಿರಿಯಡ್‌ನಲ್ಲಿ ಬೇರೆ ವಿಷಯ ಕೊಡಿ, ಇಲ್ಲವಾದರೆ 35 ಹಾಳೆಯೂ ಒಂದೇ ಆಗುತ್ತದೆ. ಐದು ನಿಮಿಷ ಯೋಜನೆ, ಇಪ್ಪತ್ತೈದು ನಿಮಿಷ ಬರವಣಿಗೆ, ಕೊನೆಯ ಹತ್ತು ನಿಮಿಷ ಪಕ್ಕದವರಿಗೆ ಓದಿ ಹೇಳುವುದು. ಸಾಲು ಬಿಟ್ಟು ಸಾಲು ಬರೆಸಿ, ತಿದ್ದಲು ಜಾಗವಿರುತ್ತದೆ. ಸ್ಪೆಲಿಂಗ್ ಗೊತ್ತಿಲ್ಲದ ಪದವನ್ನು ಕನ್ನಡ ಲಿಪಿಯಲ್ಲೇ ಬರೆದು ಅಡಿಗೆರೆ ಹಾಕಲಿ. ಅದನ್ನು ಕೇಳಲು ಎದ್ದು ಬಂದ ಮಗುವಿಗೆ ಮುಂದಿನ ವಾಕ್ಯ ಮರೆತಿರುತ್ತದೆ.

ಜೂನ್, ಜುಲೈನಲ್ಲಿ ತಗಡಿನ ಮಾಡಿನ ಕೋಣೆಯಲ್ಲಿ ಮಳೆ ಹೊಡೆಯುವಾಗ ಮಾತು ಕೇಳಿಸುವುದಿಲ್ಲ. ನಾಲ್ಕು ಮತ್ತು ಐದನೆಯ ಪಿರಿಯಡ್‌ಗಳನ್ನು ಆ ದಿನಗಳಿಗೆ ಇಟ್ಟುಕೊಳ್ಳಿ. ಮಾತಿನ ಪಿರಿಯಡ್‌ಗಳು ಹೊಳವಾದಾಗ ನಡೆಯಲಿ.

ಎಂಟನೇ ತರಗತಿಗೆ ಬಂದರೂ ಇಂಗ್ಲಿಷ್ ಓದಲು ಬಾರದ ಕೆಲವರು ಇದ್ದೇ ಇರುತ್ತಾರೆ. ಅವರಿಗೆ ನಕಲು ಬರೆಯಲು ಕೊಟ್ಟರೆ ಅಕ್ಷರ ದುಂಡಗಾಗುತ್ತದೆ, ಓದು ಬರುವುದಿಲ್ಲ. ಅವರು ಹೇಳಿದ ನಾಲ್ಕು ವಾಕ್ಯಗಳನ್ನು ಸರಳ ಇಂಗ್ಲಿಷಿನಲ್ಲಿ ನೀವು ಬರೆದುಕೊಡಿ. ಬೆರಳಿಟ್ಟು ಓದಲಿ, ಪದಗಳನ್ನು ಕತ್ತರಿಸಿ ಮತ್ತೆ ಜೋಡಿಸಲಿ, ಆಮೇಲೆ ನೋಡದೆ ಒಂದು ವಾಕ್ಯ ಬರೆಯಲಿ. ತನ್ನದೇ ಮಾತಾದ್ದರಿಂದ ಅರ್ಥ ಮೊದಲೇ ತಿಳಿದಿರುತ್ತದೆ, ಅಕ್ಷರದ ಮೇಲೆ ಗಮನ ಇಟ್ಟರೆ ಸಾಕಾಗುತ್ತದೆ.

ತಿದ್ದುವುದು, ಐದನೇ ಪಿರಿಯಡ್

ಪ್ರತಿ ತಪ್ಪನ್ನೂ ಕೆಂಪು ಶಾಯಿಯಲ್ಲಿ ಸರಿಪಡಿಸಿದರೆ ಹಾಳೆಗೆ ಎಂಟು ನಿಮಿಷ ಬೇಕು, 35 ಹಾಳೆಗೆ 4 ಗಂಟೆ 40 ನಿಮಿಷ. ಮಕ್ಕಳು ನೋಡುವುದು ಅಂಕವನ್ನು ಮಾತ್ರ. ಇಂಥ ವ್ಯಾಕರಣ ತಿದ್ದುಪಡಿಯನ್ನೇ ಕೈಬಿಡಬೇಕೆಂದು ಭಾಷಾ ಕಲಿಕೆಯ ಸಂಶೋಧಕ ಜಾನ್ ಟ್ರಸ್ಕಾಟ್ 1996ರಲ್ಲಿ ಬರೆದಾಗ ದೊಡ್ಡ ವಾದ ಎದ್ದಿತು. ಆಮೇಲೆ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ 75 ಮಂದಿಯ ಮೇಲೆ ಜಾನ್ ಬಿಚ್ಚನರ್ ನಡೆಸಿದ, 2008ರಲ್ಲಿ ಪ್ರಕಟವಾದ ಅಧ್ಯಯನ ಬೇರೆ ದಾರಿ ತೋರಿಸಿತು. ‘ಎ’ ಮತ್ತು ‘ದ’ ಬಳಕೆಯನ್ನು ಮಾತ್ರ ಆರಿಸಿ ತಿದ್ದಿದಾಗ ಸುಧಾರಣೆ ಕಂಡಿತು, ಎರಡು ತಿಂಗಳ ಬಳಿಕವೂ ಅದು ಉಳಿದಿತ್ತು.

ಆದ್ದರಿಂದ ಒಂದು ಸುತ್ತಿಗೆ ಎರಡೇ ಬಗೆಯ ತಪ್ಪು ಆರಿಸಿ, ಯಾವುದೆಂದು ಮಕ್ಕಳಿಗೆ ಮೊದಲೇ ಹೇಳಿ. ಆರಂಭಕ್ಕೆ ‘ಮೈ ಫಾದರ್ ಫಿಶರ್‌ಮನ್’ ಒಳ್ಳೆಯ ಉದಾಹರಣೆ. ‘ನನ್ನಪ್ಪ ಮೀನುಗಾರ’ ಎನ್ನಲು ಕನ್ನಡಕ್ಕೆ ಕ್ರಿಯಾಪದವೂ ಬೇಡ, ‘ಎ’ಯಂಥ ಪದವೂ ಬೇಡ, ಹಾಗಾಗಿ ‘ಈಸ್’ ಮತ್ತು ‘ಎ’ ಎರಡೂ ಬಿಟ್ಟುಹೋಗುತ್ತವೆ. ತಪ್ಪಿರುವ ಸಾಲಿನ ಪಕ್ಕ ಮಾರ್ಜಿನ್‌ನಲ್ಲಿ ಒಂದು ಚುಕ್ಕೆ ಇಡಿ, ಹುಡುಕುವ ಕೆಲಸ ಮಗುವಿನದು. ಕೊನೆಗೆ ವಿಷಯದ ಬಗ್ಗೆ ಒಂದು ಪ್ರಶ್ನೆ ಬರೆಯಿರಿ: ಎಷ್ಟು ಹೊತ್ತು ಬೇಯಿಸುತ್ತೀರಿ? ಮಳೆ ಬಂದರೆ ಏನು ಮಾಡುತ್ತೀರಿ? ಹೀಗೆ ಹಾಳೆಗೆ ಎರಡೂವರೆ ನಿಮಿಷ ಹಿಡಿದರೆ ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ.

ಹಾಳೆಯನ್ನು ಅಂಕವಿಲ್ಲದೆ ಹಿಂತಿರುಗಿಸಿ. ಐದನೇ ಪಿರಿಯಡ್‌ನಲ್ಲಿ ಚುಕ್ಕೆಯ ಸಾಲು ತಿದ್ದಿ, ಪ್ರಶ್ನೆಗೆ ಉತ್ತರವಾಗಿ ಎರಡು ವಾಕ್ಯ ಸೇರಿಸಿ, ಪೂರ್ತಿ ಮತ್ತೆ ಬರೆಯಲಿ. ಅಂಕ ಈ ಎರಡನೇ ಪ್ರತಿಗೆ. ಎರಡೂ ಪ್ರತಿಗಳನ್ನು ಒಟ್ಟಿಗೆ ಪಿನ್ ಮಾಡಿಟ್ಟರೆ ಮುಂದಿನ ಸುತ್ತಿಗೆ ಯಾವ ಎರಡು ತಪ್ಪು ಆರಿಸಬೇಕೆಂದು ಅವುಗಳಿಂದಲೇ ತಿಳಿಯುತ್ತದೆ. ಆ ಸುತ್ತಿನಲ್ಲಿ ಪತ್ರ ಬರೆಸಬಹುದು: ವಿಳಾಸ, ದಿನಾಂಕದ ನಮೂನೆಗೆ ಹದಿನೈದು ನಿಮಿಷ ಸಾಕು, ಉಳಿದ ಸಮಯವೆಲ್ಲ ಒಳಗಿನ ಎಂಟು ವಾಕ್ಯಗಳಿಗೆ.