ಥರ್ಮೋಕೋಲ್ ಡೈನೋಸಾರ್, ನಾಟಿ ಮರಿ, ಉಪ್ಪುಕಾಗ್ದ: ಹಾರಾಟದ ಜಗಳ ನಾವು ತೂಗಿದ್ದು ಹಿಂಗೆ

ಹಕ್ಕಿಗಳ ಹಿರೀಕರಾದ ಡೈನೋಸಾರ್‌ಗಳು ಮರದಿಂದ ತೇಲ್ತಾ ಇಳಿದು ಹಾರೋದು ಕಲಿತ್ವೋ, ನೆಲದ ಮೇಲೆ ಓಡಿ ಓಡಿ ಮೇಲೆದ್ವೋ, ಇದನ್ನ ಹೈಸ್ಕೂಲ್ ಹುಡುಗ್ರ ಕೈಲೇ ತೂಗಿಸ್ತೀನಿ ಅಂದಾಗ ದಾವಣಗೆರೆಯ ನಮ್ಮ ಸ್ಟಾಫ್‌ರೂಮಲ್ಲಿ ನಕ್ಕವರೇ ಜಾಸ್ತಿ. ಈ ಸಲದ ವಿಜ್ಞಾನ ಮೇಳದಲ್ಲಿ ಜನ ನಮ್ಮ ಸ್ಟಾಲ್ ಬಿಟ್ಟು ಕದಲಲಿಲ್ಲ, ಅದಕ್ಕೇ ಬರೀತಿದೀನಿ. ಮಾಡೆಲ್ ಎಲ್ಲಾ ಥರ್ಮೋಕೋಲ್ ಶೀಟಿಂದು, ಬಿಸಿ ತಂತಿಯ ಹಾಟ್‌ವೈರ್ ಕಟರ್‌ನಲ್ಲಿ ಕೊರೆದಿದ್ದು.

ಮೊದ್ಲು ಮೈಕ್ರೋರ್ಯಾಪ್ಟರ್ ಅನ್ನೋ ಪುಟ್ಟ ಗರಿ ಡೈನೋಸಾರ್. ಚೀನಾದ ಲಿಯಾವೋನಿಂಗ್‌ದು, ಸುಮಾರು 12 ಕೋಟಿ ವರ್ಷ ಹಳೇದು, ಕೈಗೂ ಕಾಲಿಗೂ ಉದ್ದ ಗರಿ, ನಾಲ್ಕು ರೆಕ್ಕೆ ಅಂತ ಅಲ್ಲಿನ ವಿಜ್ಞಾನಿ ಶೂ ಶಿಂಗ್ ತಂಡ 2003ರಲ್ಲಿ ಹೇಳ್ತು. ಬಾಲ ಸೇರಿ ಮುಕ್ಕಾಲು ಮೀಟರ್, ಅದೇ ಸೈಜಿಗೆ ಕೊರೆದ್ವಿ. ಮೊದಲ ಐದಾರು ಮಾಡೆಲ್ ಮೂತಿ ಎತ್ತಿ ಹಿಂದಕ್ಕೆ ಬಿದ್ದು ಮುರಿದ್ವು, ಶೀಟು ಅಂಟು ಸೇರಿ ಏಳೆಂಟು ನೂರು ನೀರಲ್ಲಿ ಹೋಮ. ಆಮೇಲೆ ಕಾಲು ಅಗಲಿಸಿ ಅಂಟಿಸಿದ್ದು ಮಹಡಿಯಿಂದ ಬಿಟ್ರೆ ಸೊಗಸಾಗಿ ತೇಲ್ತು, ಹುಡುಗ್ರು ಕುಣಿದಾಡಿದ್ರು, ಆದ್ರೆ ಕೋಳಿ ಅಂಗಡಿಯಿಂದ ತೊಡೆ ಕೀಲು ತರಿಸಿ ತಿರುಗಿಸಿ ನೋಡ್ರಿ ಅಂದೆ, ಅಷ್ಟು ಅಗಲಕ್ಕೆ ಬರೋದೇ ಇಲ್ಲ, ಕಿತ್ತು ಬರ್ತೈತೆ. ಪಳೆಯುಳಿಕೆ ವಿಜ್ಞಾನಿ ಶಂಕರ್ ಚಟರ್ಜಿ 2007ರಲ್ಲಿ ಹೇಳಿದಂಗೆ ಕಾಲು ಕೆಳಗೆ ಬಿಟ್ಟು ಎರಡಂತಸ್ತಿನ ರೆಕ್ಕೆ ಮಾಡಿದ್ರೂ ತೇಲ್ತು, ಕುತ್ತಿಗೇಲಿ ಸ್ವಲ್ಪ ಭಾರ ಇಟ್ಟ ಮೇಲೆ. ಎಷ್ಟು ಗ್ರಾಂ, ಎಲ್ಲಿ ಅನ್ನೋದು ಹೇಳಲ್ಲ, ಮುಂದಿನ ವರ್ಷನೂ ಮೇಳ ಐತೆ.

ನಮ್ಮ ತೂಕದ ರೂಲು ಒಂದೇ: ಈ ಸಾಕ್ಷಿ ನಿಜ ಆದ್ರೆ ಯಾರ ವಾದಕ್ಕೆ ಪೆಟ್ಟು? ಯಾರಿಗೂ ಪೆಟ್ಟಿಲ್ಲ ಅಂದ್ರೆ ಸೊನ್ನೆ. ಮಾಡೆಲ್ ತೇಲ್ತು ಅಂದ್ರೆ ಆ ಪ್ರಾಣಿಗೆ ಸಾಧ್ಯ ಇತ್ತು ಅಂತಷ್ಟೇ, ಹಂಗಾಗಿ ಐದಕ್ಕೆ ಒಂದು ಅಂಕ. 1996ರಲ್ಲಿ ಬೆಳಕಿಗೆ ಬಂದ ಸೈನೋಸಾರಾಪ್ಟೆರಿಕ್ಸ್ ಡೈನೋಸಾರ್‌ನ ತುಪ್ಪಳದಂಥ ಗರಿಗೆ ಸೊನ್ನೆ, ಗರಿ ಹಾರಾಟಕ್ಕಿಂತ ಮುಂಚೆನೇ ಬಂದಿತ್ತು ಅನ್ನೋದು ಮರದ ಕಡೆಯವರಿಗೂ ನೆಲದ ಕಡೆಯವರಿಗೂ ಒಪ್ಪಿಗೆ.

ನಡುವೆ ಒಂದು ಆಟ ಆಡಿದ್ವಿ. ಕೋಳಿ ರೆಕ್ಕೆಯ ಗರಿ ಟೇಬಲ್ ಫ್ಯಾನ್ ಮುಂದೆ ಹಿಡಿದ್ರೆ, ಕಿರಿದಾದ ಅಂಚು ಗಾಳಿಗೆ ಎದುರಾಗಿದ್ರೆ ಸ್ಥಿರವಾಗಿ ನಿಲ್ತೈತೆ, ಮೈಗರಿ ತಿರುಗಿಬಿಡ್ತೈತೆ. ಜರ್ಮನಿಯಲ್ಲಿ 1861ರಲ್ಲಿ ಬೆಳಕಿಗೆ ಬಂದ, 15 ಕೋಟಿ ವರ್ಷ ಹಳೆಯ ಆರ್ಕಿಯಾಪ್ಟೆರಿಕ್ಸ್ ಅನ್ನೋ ಆದಿ ಹಕ್ಕಿಗೆ ಹಿಂಗೇ ಒಂದು ಕಡೆ ಕಿರಿದಾದ ಗರಿ. ಅದಕ್ಕಿಂತ ಕೋಟಿ ವರ್ಷ ಹಳೇ ಆಂಕಿಯಾರ್ನಿಸ್ ಡೈನೋಸಾರ್ ಗರಿಗೆ ಎರಡೂ ಕಡೆ ಸಮ. ಚೆಂದದ ಸಾಕ್ಷಿ, ಆದ್ರೆ ಮರ-ನೆಲ ಜಗಳ ಬಗೆಹರಿಸಲ್ಲ.

ದುಡ್ಡು ಹೋಗಿದ್ದು ಕೋಳಿ ಮರಿಗಳಿಗೆ. ಅಮೆರಿಕದ ಜೀವಶಾಸ್ತ್ರಜ್ಞ ಕೆನ್ ಡಯಲ್ 2003ರಲ್ಲಿ ಕೌಜುಗ ಜಾತಿಯ ಚುಕಾರ್ ಹಕ್ಕಿಗಳ ಮೇಲೆ ತೋರಿಸಿದ್ದು ಇದು: ಪೂರ್ತಿ ಹಾರೋಕೆ ಬರದ ಮರಿನೂ ರೆಕ್ಕೆ ಬಡೀತಾ ಕಡಿದಾದ ಇಳಿಜಾರು ಹತ್ತುತ್ತೆ, ಆ ಬಡಿತ ಮೈನ ನೆಲಕ್ಕೆ ಒತ್ತಿ ಕಾಲಿಗೆ ಹಿಡಿತ ಕೊಡುತ್ತೆ. ನಾನು ಅಗ್ಗ ಅಂತ ಬ್ರಾಯ್ಲರ್ ಮರಿ ತಂದೆ, ಅವು ಹಲಗೆ ಮೇಲೆ ಕೂತ್ಕೊಂಡು ಮೇವು ತಿಂದ್ವು ಅಷ್ಟೇ. ನಾಟಿ ಮರಿ ಒಂದಕ್ಕೆ ಅರವತ್ತೋ ಎಪ್ಪತ್ತೋ ಕೊಟ್ಟು ತಂದ್ವಿ, ಎರಡು ಮೂರು ವಾರದವು. ನುಣುಪು ಪ್ಲೈವುಡ್ ಮೇಲೆ ಜಾರಿದ್ವು, ದೊಡ್ಡ ಕಾಳಿನ ಉಪ್ಪುಕಾಗ್ದ ಅಂಟಿಸಿದ ಮೇಲೆ ಅರವತ್ತು ಡಿಗ್ರಿ ಹತ್ತಿರದ ಹಲಗೆನೂ ಪಟಪಟ ಅಂತ ಹತ್ತಿದ್ವು. ಮೇಲೆ ಏನಿಟ್ಟು ಕರೆದ್ವಿ ಅನ್ನೋದು ನಮ್ಮೊಳಗೇ ಇರಲಿ. ಅರ್ಧ ರೆಕ್ಕೆ ಯಾಕೆ ಬೇಕು ಅಂತ ಕೇಳ್ತಿದ್ದ ಗಣಿತದ ಮೇಷ್ಟ್ರು ಮೊಬೈಲ್ ಸ್ಲೋಮೋಷನ್ ನೋಡಿ ಸುಮ್ಮನಾದ್ರು.

ಇದಕ್ಕೆ ಹುಡುಗ್ರು ಐದು ಕೊಡ್ರಿ ಅಂತ ಹಠ ಹಿಡಿದ್ರು, ನಾನು ಮೂರಕ್ಕೆ ನಿಲ್ಲಿಸಿದೆ. ಈಗಿನ ಮರಿಯ ಎದೆ ಸ್ನಾಯು, ಭುಜದ ಕೀಲು ಆಗಿನ ಡೈನೋಸಾರ್‌ಗೆ ಎಲ್ಲಿತ್ತು? 2015ರಲ್ಲಿ ಬೆಳಕಿಗೆ ಬಂದ ಯಿ ಚಿ ಅನ್ನೋ ಡೈನೋಸಾರ್ ಅಂತೂ ಬಾವಲಿ ಥರ ಚರ್ಮದ ರೆಕ್ಕೆದು, 2020ರ ಒಂದು ಅಧ್ಯಯನದ ಪ್ರಕಾರ ಹಾರೋ ಶಕ್ತಿ ಕನಿಷ್ಠ ಮೂರು ಸಲ ಬೇರೆ ಬೇರೆಯಾಗಿ ಬಂದಿದೆ. ಹಂಗಾಗಿ ನಾವು ಕಡೆಗೆ ಒಂದು ತಕ್ಕಡಿ ಬಿಟ್ಟು ಪ್ರತಿ ಗುಂಪಿಗೂ ಒಂದೊಂದು ತಕ್ಕಡಿ ಇಟ್ವಿ, ಪಕ್ಷಿಗಳ ಸಾಲಿನಲ್ಲಿ ರೆಕ್ಕೆ ಬಡಿತದ ಕಡೆ, ಯಿ ಚಿಯಲ್ಲಿ ತೇಲೋ ಕಡೆ ವಾಲ್ತು.

ಒಟ್ಟು ಖರ್ಚು ನಾಲ್ಕು ಸಾವಿರದ ಆಸುಪಾಸು, ಅರ್ಧ ನನ್ನ ಜೇಬಿಂದು. ಮರಿ ಬೆಳೆಸಿ ಮಾರಿದ್ದರಿಂದ ಸ್ವಲ್ಪ ವಾಪಸ್ ಬಂತು, ಹಲಗೆ ಇನ್ನೂ ಲ್ಯಾಬಲ್ಲೇ ಐತೆ, ಬೇಕಾದವರು ಬಂದು ಅಳತೆ ತಗೊಂಡು ಹೋಗ್ರಿ.