ಮಂಡಿ ಕಚೇರಿಯ ಫೈಲ್ ಸರ್ವರ್‌ಗೆ ಆಂಟಿವೈರಸ್: ಯಾವುದು ಬೇಕು, ಹೇಗೆ ಹೊಂದಿಸಬೇಕು

ಕೋಲಾರದ ಎಪಿಎಂಸಿಯ ಟೊಮೆಟೊ ಮಂಡಿಯೊಂದರಲ್ಲಿ ಒಂದು ಸರ್ವರ್, ಅದಕ್ಕೆ ಸೇರಿಕೊಂಡ ಐದು ಕಂಪ್ಯೂಟರ್ ಇವೆ ಅಂದುಕೊಳ್ಳಿ. ಸರ್ವರ್‌ನಲ್ಲಿ ಟ್ಯಾಲಿ ಡೇಟಾ, ರೈತರ ಪಟ್ಟಿ, ಲಾರಿ ಬಾಡಿಗೆಯ ಎಕ್ಸೆಲ್, ಸ್ಕ್ಯಾನ್ ಮಾಡಿಟ್ಟ ಬಿಲ್ಲುಗಳು. ಹರಾಜು ಮುಗಿದು 15 ಕೆಜಿ ಬಾಕ್ಸುಗಳ ಲೆಕ್ಕ ಹತ್ತಿಸುವ ಹೊತ್ತಿಗೆ ಸರ್ವರ್ ನಿಧಾನವಾದರೆ ಯಾರಾದರೂ ಮೊದಲು ಮಾಡುವ ಕೆಲಸ ಆಂಟಿವೈರಸ್ ಆಫ್ ಮಾಡುವುದು. ಆಮೇಲೆ ಆನ್ ಮಾಡುವುದು ಯಾರಿಗೂ ನೆನಪಿರುವುದಿಲ್ಲ. ಆದ್ದರಿಂದ ಕೊಳ್ಳುವುದಕ್ಕಿಂತ ಹೊಂದಿಸುವುದಕ್ಕೆ ಹೆಚ್ಚು ಸಮಯ ಕೊಡಿ.

ಕೊಳ್ಳುವ ಮುಂಚೆ

ವಿಂಡೋಸ್ ಕೀ ಜೊತೆ ಆರ್ ಒತ್ತಿ, ಇಂಗ್ಲಿಷಿನಲ್ಲಿ winver ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಬರುವ ಕಿಟಕಿಯಲ್ಲಿ ವಿಂಡೋಸ್ 10 ಅಥವಾ 11 ಅಂತಿದ್ದರೆ ನಿಮ್ಮ 'ಸರ್ವರ್' ನಿಜಕ್ಕೂ ಫೋಲ್ಡರ್ ಶೇರ್ ಮಾಡಿದ ಸಾಮಾನ್ಯ ಕಂಪ್ಯೂಟರ್. ಸಣ್ಣ ಕಚೇರಿಗೆ ಅದೇ ಸಾಕು, ಏಕಕಾಲಕ್ಕೆ 20 ಸಂಪರ್ಕದವರೆಗೆ ತಾಳುತ್ತದೆ. ಅದಕ್ಕೆ ಮಾಮೂಲಿ ಬಿಸಿನೆಸ್ ಲೈಸೆನ್ಸ್ ನಡೆಯುತ್ತದೆ. ವಿಂಡೋಸ್ ಸರ್ವರ್ ಅಂತಿದ್ದರೆ ಅಂಗಡಿಯಲ್ಲಿ ಸಿಗುವ ಮನೆಬಳಕೆಯ ಸಿಡಿ ಬಹುತೇಕ ಇನ್‌ಸ್ಟಾಲ್ ಆಗುವುದೇ ಇಲ್ಲ. ಬಿಲ್ ಹಾಕಿಸುವಾಗಲೇ 'ಸರ್ವರ್ ಎಡಿಷನ್' ಎಂದು ಬರೆಸಿಕೊಳ್ಳಿ.

ವಿಂಡೋಸ್ ಸರ್ವರ್ 2012 ಆರ್2 ಇದ್ದರೆ ಆಂಟಿವೈರಸ್‌ಗೆ ದುಡ್ಡು ಹಾಕುವ ಮೊದಲು ಸರ್ವರ್ ಬದಲಿಸಿ. ಅದರ ಬೆಂಬಲ 2023ರ ಅಕ್ಟೋಬರ್ 10ಕ್ಕೇ ಮುಗಿದಿದೆ. ವಿಂಡೋಸ್ 10ರದ್ದು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರ್‍ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಹರಡಿದ್ದು ಫೈಲ್ ಶೇರಿಂಗ್‌ನ ಹಳೇ ಆವೃತ್ತಿಯ ತೂತಿನಿಂದ. ಅದನ್ನು ಮುಚ್ಚುವ ಪ್ಯಾಚ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲಿ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಆರೇ ಯಂತ್ರಗಳಿದ್ದರೆ ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಸಾಕು. ಸರ್ವರ್ 2016ರಿಂದ ಈಚೆಗೆ ಅದು ಒಳಗೇ ಇರುತ್ತದೆ. ಪುಣೆಯ ಸೆಕ್ರೈಟ್, ಚೆನ್ನೈನ ಕೆ7 ಥರದವುಗಳಿಗೆ ದುಡ್ಡು ಕೊಡುವುದಾದರೆ ಒಂದೇ ಕಾರಣಕ್ಕೆ ಕೊಡಿ: ಎಲ್ಲ ಕಂಪ್ಯೂಟರ್‌ಗಳ ಸ್ಥಿತಿ ಒಂದೇ ಪರದೆಯಲ್ಲಿ ಕಾಣುವ ಕನ್ಸೋಲ್. ಕನ್ಸೋಲ್ ಇಲ್ಲದ ಪ್ಯಾಕ್‌ಗೆ ದುಡ್ಡು ಸುರಿಯುವುದು ದಂಡ. ಲೈಸೆನ್ಸ್ ಎಣಿಸುವಾಗ ಐದು ಕಂಪ್ಯೂಟರ್, ಒಂದು ಸರ್ವರ್, ಜೊತೆಗೆ ಮಾಲೀಕರು ಮನೆಯಿಂದ ತರುವ ಲ್ಯಾಪ್‌ಟಾಪ್, ಒಟ್ಟು ಏಳು. ಆ ಲ್ಯಾಪ್‌ಟಾಪನ್ನೇ ಎಲ್ಲರೂ ಮರೆಯುವುದು.

ಇನ್ನೊಂದು ಎಡವಟ್ಟು. ವಿಂಡೋಸ್ 10, 11ರಲ್ಲಿ ಬೇರೆ ಆಂಟಿವೈರಸ್ ಹಾಕಿದರೆ ಡಿಫೆಂಡರ್ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ವಿಂಡೋಸ್ ಸರ್ವರ್‌ನಲ್ಲಿ ಸರಿಯುವುದಿಲ್ಲ. ಎರಡೂ ಒಂದೇ ಫೈಲನ್ನು ಹಿಡಿದು ಎಳೆದಾಡುತ್ತವೆ, ಸರ್ವರ್ ತೆವಳುತ್ತದೆ. ಸರ್ವರ್ ಮ್ಯಾನೇಜರ್‌ನ 'ರಿಮೂವ್ ರೋಲ್ಸ್ ಆಂಡ್ ಫೀಚರ್ಸ್'ನಲ್ಲಿ ಡಿಫೆಂಡರ್ ತೆಗೆದು, ರೀಸ್ಟಾರ್ಟ್ ಮಾಡಿ, ಆಮೇಲೆ ಹೊಸದನ್ನು ಹಾಕಿ.

ಟ್ಯಾಲಿ ಫೋಲ್ಡರಿನ ಪ್ರಶ್ನೆ

ಟ್ಯಾಲಿ ಪ್ರತಿ ವೋಚರ್‌ಗೂ ಡೇಟಾ ಫೈಲುಗಳನ್ನು ಮತ್ತೆ ಮತ್ತೆ ತೆರೆದು ಬರೆಯುತ್ತದೆ. ಆಂಟಿವೈರಸ್ ಪ್ರತಿ ಸಲವೂ ತಡೆದು ನೋಡಿದರೆ ಎಂಟ್ರಿ ನಿಧಾನ. ಅದಕ್ಕೆ ಡೇಟಾ ಫೋಲ್ಡರಿಗೆ ವಿನಾಯಿತಿ ಕೊಡಬೇಕಾಗುತ್ತದೆ. ಡಿಫೆಂಡರ್‌ನಲ್ಲಿ ದಾರಿ ಹೀಗೆ: ವಿಂಡೋಸ್ ಸೆಕ್ಯುರಿಟಿ, ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್, ಮ್ಯಾನೇಜ್ ಸೆಟ್ಟಿಂಗ್ಸ್, ಕೆಳಗೆ ಎಕ್ಸ್‌ಕ್ಲೂಷನ್ಸ್, ಆಡ್, ಫೋಲ್ಡರ್. ಕಂಪನಿಗಳ ಅಂಕೆ ಹೆಸರಿನ ಫೋಲ್ಡರುಗಳಿರುವ ಡೇಟಾ ಫೋಲ್ಡರನ್ನು ಮಾತ್ರ ಆರಿಸಿ. ಇಡೀ ಡಿ ಡ್ರೈವ್ ಬೇಡ. ಟ್ಯಾಲಿ ಪ್ರೋಗ್ರಾಂ ಇರುವ ಫೋಲ್ಡರೂ ಬೇಡ.

ವಿನಾಯಿತಿ ಅಂದರೆ ಏನು ಎಂದು ಕಣ್ಣಾರೆ ನೋಡಬೇಕಿದ್ದರೆ ಐಕಾರ್ ಪರೀಕ್ಷಾ ಫೈಲ್ ತೆಗೆದುಕೊಳ್ಳಿ. ಅದು 68 ಅಕ್ಷರಗಳ ನಿರಪಾಯಕಾರಿ ಫೈಲ್, ಎಲ್ಲ ಆಂಟಿವೈರಸ್‌ಗಳೂ ಅದನ್ನು ವೈರಸ್ ಅಂತಲೇ ಹಿಡಿಯುತ್ತವೆ. ಸರ್ವರ್‌ನಲ್ಲೇ ಕೂತು ಮಾಡಿ. ಬೇರೆ ಕಂಪ್ಯೂಟರಿನಿಂದ ಕಳಿಸಿದರೆ ಅಲ್ಲಿನ ಆಂಟಿವೈರಸ್ಸೇ ಮೊದಲು ಹಿಡಿದುಬಿಡುತ್ತದೆ, ಸರ್ವರಿನ ಪರೀಕ್ಷೆ ಆಗುವುದಿಲ್ಲ. ಬಿಲ್ಲುಗಳ ಫೋಲ್ಡರಿಗೆ ಹಾಕಿದರೆ ಕ್ಷಣದಲ್ಲಿ ಮಾಯವಾಗಬೇಕು. ಅದನ್ನೇ ನೇರ ಟ್ಯಾಲಿ ಡೇಟಾ ಫೋಲ್ಡರಿಗೆ ಇಳಿಸಿ ನೋಡಿ. ಏನೂ ಆಗುವುದಿಲ್ಲ, ಫೈಲ್ ತಣ್ಣಗೆ ಕೂತಿರುತ್ತದೆ. ಡಿಫೆಂಡರ್‌ನಲ್ಲಿ ರಾತ್ರಿಯ ಸ್ಕ್ಯಾನ್ ಕೂಡ ಆ ಫೋಲ್ಡರನ್ನು ಮುಟ್ಟುವುದಿಲ್ಲ. ಫೈಲ್ ಅಳಿಸಿ, ಆ ಫೋಲ್ಡರಿನಲ್ಲಿ ಇನ್ನೇನೂ ಇಡಬಾರದೆಂದು ಎಲ್ಲರಿಗೂ ಹೇಳಿ.

ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿಕೊಟ್ಟವರು 'ಆಂಟಿವೈರಸ್ ಸುಮ್ಮನೆ ತೋರಿಸುತ್ತೆ, ಎಕ್ಸ್‌ಕ್ಲೂಷನ್ ಕೊಡಿ ಸಾರ್' ಅಂದರೆ ಕೊಡಬೇಡಿ.

ಪ್ಯಾಕ್ ಜೊತೆ ಬರುವ ಫೈರ್‌ವಾಲ್ ಇನ್ನೊಂದು ತಲೆನೋವು. ಅದು 445ನೇ ಪೋರ್ಟ್ (ನೆಟ್‌ವರ್ಕಿನ ಬಾಗಿಲು) ಮುಚ್ಚಿದರೆ ಶೇರ್ ಫೋಲ್ಡರ್ ತೆರೆಯುವುದಿಲ್ಲ. 9999 ಮುಚ್ಚಿದರೆ ಕಂಪ್ಯೂಟರುಗಳಿಗೆ ಟ್ಯಾಲಿ ಲೈಸೆನ್ಸ್ ಸಿಗದೆ ಎಜುಕೇಶನಲ್ ಮೋಡ್‌ನಲ್ಲಿ ತೆರೆದುಕೊಳ್ಳುತ್ತದೆ, ತಿಂಗಳ 1, 2, 31 ಬಿಟ್ಟು ಬೇರೆ ತಾರೀಖು ಹಾಕಲು ಬಿಡುವುದಿಲ್ಲ. ಲೈಸೆನ್ಸ್ ಹೋಯಿತೆಂದು ಗಾಬರಿಯಾಗುವ ಮುಂಚೆ ಫೈರ್‌ವಾಲ್ ನೋಡಿ. ಈ ಎರಡು ಪೋರ್ಟ್‌ಗಳನ್ನು ಕಚೇರಿಯ ಒಳಗಿನ ನೆಟ್‌ವರ್ಕ್‌ಗೆ ಮಾತ್ರ ತೆರೆಯಿರಿ.

ಸ್ಕ್ಯಾನ್ ಹೊತ್ತು

ದಿನಾ ಕ್ವಿಕ್ ಸ್ಕ್ಯಾನ್, ವಾರಕ್ಕೊಂದು ಫುಲ್ ಸ್ಕ್ಯಾನ್. ರಾತ್ರಿ 2 ಗಂಟೆಗೆ ಇಟ್ಟು, ಷಟರ್ ಎಳೆಯುವಾಗ ಸರ್ವರ್ ಸ್ವಿಚ್ ಕೂಡ ಆರಿಸಿದರೆ ಸ್ಕ್ಯಾನ್ ನಡೆಯುವುದೇ ಇಲ್ಲ. 'ಕ್ಯಾಚ್ ಅಪ್' ಆನ್ ಇದ್ದರೆ, ತಪ್ಪಿಹೋದ ಸ್ಕ್ಯಾನ್ ಹರಾಜಿನ ದಿನ ಬೆಳಿಗ್ಗೆ ಶುರುವಾಗುತ್ತದೆ. ವಾರದಲ್ಲಿ ಒಂದು ರಾತ್ರಿ ಗೊತ್ತುಮಾಡಿ ಸರ್ವರ್ ಆನ್ ಇಡಿ. ಯುಪಿಎಸ್ಸಿನ ಯುಎಸ್‌ಬಿ ತಂತಿ ಸರ್ವರಿಗೆ ಹಾಕಿ, ಬ್ಯಾಟರಿ ಇಳಿದಾಗ ತಾನೇ ಶಟ್‌ಡೌನ್ ಆಗುವಂತೆ ಮಾಡಿ. ಡಿಫೆಂಡರ್ ಸ್ಕ್ಯಾನ್‌ಗೆ ಸಿಪಿಯು ಮಿತಿ ಮೊದಲೇ ಶೇ 50 ಇರುತ್ತದೆ. ಗ್ರೂಪ್ ಪಾಲಿಸಿಯಲ್ಲಿ ಶೇ 25ಕ್ಕೆ ಇಳಿಸಿ. ಐದು ಕಂಪ್ಯೂಟರುಗಳಲ್ಲಿ 'ನೆಟ್‌ವರ್ಕ್ ಡ್ರೈವ್ ಸ್ಕ್ಯಾನ್' ಆಫ್ ಇರಲಿ, ಇಲ್ಲದಿದ್ದರೆ ಸರ್ವರಿನ ಒಂದೇ ಫೈಲನ್ನು ಆರು ಸಲ ನೋಡಿದಂತಾಗುತ್ತದೆ.

ವೈರಸ್ ಸಿಕ್ಕಾಗ 'ಡಿಲೀಟ್' ಅಲ್ಲ, 'ಕ್ವಾರಂಟೈನ್' ಆರಿಸಿ. ತಪ್ಪಾಗಿ ಹಿಡಿದ ಎಕ್ಸೆಲ್ ವಾಪಸ್ ಬೇಕಾಗುತ್ತದೆ. ಆಂಟಿವೈರಸ್ಸನ್ನು ಬೇರೆಯವರು ಆಫ್ ಮಾಡದಂತೆ ತಡೆಯುವ ಟ್ಯಾಂಪರ್ ಪ್ರೊಟೆಕ್ಷನ್ ಆನ್ ಮಾಡಿ, ಬೇರೆ ಪ್ಯಾಕ್ ಆಗಿದ್ದರೆ ಸೆಟ್ಟಿಂಗ್‌ಗೆ ಪಾಸ್‌ವರ್ಡ್ ಇಡಿ.

ಸರ್ವರಿಗೆ ಕಾಣದ ಕಳ್ಳ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ರ್‍ಯಾನ್ಸಮ್‌ವೇರ್ ಸರ್ವರಿನಲ್ಲೇ ಓಡಬೇಕೆಂದಿಲ್ಲ. ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಯಾರೋ ಇ-ಮೇಲಿನ ಅಟ್ಯಾಚ್‌ಮೆಂಟ್ ತೆರೆಯುತ್ತಾರೆ, ಅದು ಅಲ್ಲೇ ಓಡುತ್ತಾ ನೆಟ್‌ವರ್ಕ್ ಮೂಲಕ ಸರ್ವರಿನ ಫೈಲುಗಳಿಗೆ ಬೀಗ ಹಾಕುತ್ತಾ ಹೋಗುತ್ತದೆ. ಸರ್ವರಿನ ಆಂಟಿವೈರಸ್‌ಗೆ ಕಾಣುವುದು ಪಾಸ್‌ವರ್ಡ್ ಇರುವ ಬಳಕೆದಾರರೊಬ್ಬರು ಫೈಲ್ ತಿದ್ದುತ್ತಿದ್ದಾರೆ ಎಂಬುದಷ್ಟೇ. ಸರ್ವರಿಗೆ ಒಳ್ಳೆಯ ಪ್ಯಾಕ್ ಹಾಕಿ ಬಿಲ್ಲಿಂಗ್ ಕಂಪ್ಯೂಟರನ್ನು ಹಾಗೇ ಬಿಡುವುದೆಂದರೆ ಹೆಬ್ಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ.

ಶೇರಿನಲ್ಲಿ 'ಎವೆರಿವನ್, ಫುಲ್ ಕಂಟ್ರೋಲ್' ಇದ್ದರೆ ತೆಗೆಯಿರಿ. ಹರಾಜಿನ ಕೌಂಟರಿನವರಿಗೆ ಪಟ್ಟಿಯ ಫೋಲ್ಡರ್ ಸಾಕು. ಆಡಿಟರ್ ಹೊರಗಿನಿಂದ ನೋಡಲೆಂದು ರೌಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪಿನ 3389 ತೆರೆದಿಟ್ಟಿದ್ದರೆ ಇವತ್ತೇ ಮುಚ್ಚಿ, ವಿಪಿಎನ್ (ಕಚೇರಿಗೆ ಸುರಕ್ಷಿತ ಖಾಸಗಿ ಸಂಪರ್ಕ) ಕೊಡಿ. ಆ ದಾರಿಯಲ್ಲಿ ಅಡ್ಮಿನ್ ಆಗಿ ಬಂದವನು ಮೊದಲು ಆಂಟಿವೈರಸ್ಸನ್ನೇ ಆಫ್ ಮಾಡುತ್ತಾನೆ.

ವಿಂಡೋಸ್ ಸರ್ವರ್ ಆಗಿದ್ದರೆ ಡಿ ಡ್ರೈವಿನ ಪ್ರಾಪರ್ಟೀಸ್‌ನಲ್ಲಿ ಶ್ಯಾಡೋ ಕಾಪೀಸ್ (ಫೈಲುಗಳ ಹಿಂದಿನ ಪ್ರತಿಗಳನ್ನು ಉಳಿಸಿಡುವ ಸೌಲಭ್ಯ) ಆನ್ ಮಾಡಿ. ಬೆಳಿಗ್ಗೆ 7 ಮತ್ತು ಮಧ್ಯಾಹ್ನ 12ಕ್ಕೆ, ಸೋಮವಾರದಿಂದ ಶುಕ್ರವಾರದವರೆಗೆ ಪ್ರತಿ ತೆಗೆಯುವಂತೆ ಅದು ಮೊದಲೇ ಹೊಂದಿಸಿರುತ್ತದೆ. ಮಂಡಿಗೆ ಶನಿವಾರ, ಭಾನುವಾರವೂ ಕೆಲಸದ ದಿನವೇ, ಸೇರಿಸಿಕೊಳ್ಳಿ. ಬಿಲ್ಲಿಂಗ್ ಕಂಪ್ಯೂಟರಿನ ಸಾಧಾರಣ ಬಳಕೆದಾರನ ಹೆಸರಿನಲ್ಲಿ ಓಡುವ ವೈರಸ್‌ಗೆ ಈ ಪ್ರತಿಗಳನ್ನು ಅಳಿಸುವ ಅಧಿಕಾರ ಇರುವುದಿಲ್ಲ. ಇದರ ಜೊತೆಗೆ ಎರಡು ಯುಎಸ್‌ಬಿ ಹಾರ್ಡ್ ಡಿಸ್ಕ್ ಇಟ್ಟುಕೊಂಡು ದಿನ ಬಿಟ್ಟು ದಿನ ಬ್ಯಾಕಪ್ ತೆಗೆದು, ತಂತಿ ಕಿತ್ತು ಬೀರುವಿನಲ್ಲಿಡಿ. ಚುಚ್ಚಿಕೊಂಡೇ ಇರುವ ಡಿಸ್ಕಿಗೂ ಬೀಗ ಬೀಳುತ್ತದೆ.

ಫೈಲುಗಳ ಹೆಸರು ಒಂದೊಂದಾಗಿ ಬದಲಾಗುವುದು ಕಂಡರೆ ಮೊದಲು ಸರ್ವರಿನ ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ. ಅರ್ಧ ನಿಮಿಷವಿದ್ದರೆ ಅದಕ್ಕೂ ಮುಂಚೆ ಕಂಪ್ಯೂಟರ್ ಮ್ಯಾನೇಜ್‌ಮೆಂಟ್, ಶೇರ್ಡ್ ಫೋಲ್ಡರ್ಸ್, ಓಪನ್ ಫೈಲ್ಸ್ ತೆರೆದು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಯಾರ ಹೆಸರಿನ ಎದುರು ಅತಿ ಹೆಚ್ಚು ಫೈಲ್ ತೆರೆದಿವೆಯೋ ಬಹುತೇಕ ರೋಗ ಇರುವುದು ಅವರ ಕಂಪ್ಯೂಟರಿನಲ್ಲಿ. ಅದನ್ನು ಪೂರ್ತಿ ಫಾರ್ಮ್ಯಾಟ್ ಮಾಡುವ ತನಕ ಸರ್ವರಿಗೆ ಕೇಬಲ್ ಮತ್ತೆ ಚುಚ್ಚಬೇಡಿ.